ಡಬ್ಬದ ಮೇಲಿನ ಆ ಸಣ್ಣ ಸಾಲು

ಜೂನ್ ತಿಂಗಳ ಒಂದು ಫೋನ್-ಇನ್ ಕಾರ್ಯಕ್ರಮ. ಸ್ಟುಡಿಯೋದಲ್ಲಿ ಮಕ್ಕಳ ವೈದ್ಯರು ಕೂತಿದ್ದರು. ಹುಬ್ಬಳ್ಳಿ ಕಡೆಯ ಒಬ್ಬ ತಾಯಿ ಲೈನಿಗೆ ಬಂದರು. "ಸರ್, ನನ್ನ ಮಗಗ ಏಳು ವರ್ಷರಿ. ಗೂರಲು ಐತಿ. ಪಂಪ್ ಬಿಡಿಸಿ ಮೂರು ತಿಂಗಳಿಂದ ಪೌಡರ್ ಕೊಡಾಕತ್ತಿದ್ವಿ. ಚಲೋ ಇದ್ದ. ಹೋದ ವಾರ ರಾತ್ರಿ ಉಸಿರು ಸಿಗದಂಗಾಗಿ ಐಸಿಯುಗೆ ಹಾಕಿದ್ವಿ. ಈಗ ಆರಾಮ ಅದಾನ. ಪೌಡರ್ ಮತ್ತ ಶುರು ಮಾಡ್ಲೇನ್ರಿ?"

"ಪೌಡರ್ ಬಗ್ಗೆ ಯಾರು ಹೇಳಿದ್ರಮ್ಮಾ?" ಅಂದರು ವೈದ್ಯರು.

"ಟೀವಿಯೊಳಗ ನೋಡಿದ್ವಿರಿ."

ಯಾವ ಟೀವಿ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಬೆಳಗಿನ ಹೊತ್ತು ಅಂಥ ಜಾಹೀರಾತು ನಮ್ಮ ಪರದೆಯ ಮೇಲೂ ಬರುತ್ತದೆ. ಹಾಗಾಗಿ ಜಾಹೀರಾತು ಹೇಳದೇ ಇರೋದನ್ನು ನಾನು ಹೇಳಬೇಕು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಅಸ್ತಮಾ ಇರುವ ಮಗುವಿನ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ನೆಗಡಿಯೋ, ಹೊಗೆಯೋ, ಧೂಳೋ ತಾಗಿದರೆ ಸಾಕು, ಅದು ಇನ್ನಷ್ಟು ಊದಿ, ಸುತ್ತಲ ಸ್ನಾಯು ಬಿಗಿದು, ಕಫ ತುಂಬಿಕೊಳ್ಳುತ್ತದೆ. ಆಗಲೇ ಆ ಸಿಳ್ಳೆಯಂಥ ಸದ್ದು. ಒಂದು ಪಂಪ್ ಬಿಗಿತವನ್ನು ತಕ್ಷಣ ಸಡಿಲಿಸುತ್ತದೆ. ಇನ್ನೊಂದು, ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಪಂಪ್, ಊತವನ್ನು ಅಂಕೆಯಲ್ಲಿಡುತ್ತದೆ. ಮಗು ಆಟ ಆಡಿಕೊಂಡಿದೆ ಅಂದರೆ ಈ ಎರಡನೆಯದು ಕೆಲಸ ಮಾಡುತ್ತಿದೆ ಅಂತ ಅರ್ಥ. ನಾವೋ, ಚೆನ್ನಾಗಿದಾನಲ್ಲ ಅಂತ ಅದನ್ನೇ ನಿಲ್ಲಿಸುತ್ತೇವೆ.

ಹಾಗಾದರೆ ಮೂರು ತಿಂಗಳು ಆ ಹುಡುಗ ಚೆನ್ನಾಗಿದ್ದದ್ದು ಹೇಗೆ? ಪೌಡರ್ ಶುರುವಾದದ್ದು ಮಾರ್ಚ್‌ನಲ್ಲಿ. ಬೇಸಿಗೆ, ಆಮೇಲೆ ಶಾಲೆಗೆ ರಜೆ. ಅಸ್ತಮಾ ಏರಿಳಿಯುವ ಕಾಯಿಲೆ. ಎಷ್ಟೋ ಮಕ್ಕಳಲ್ಲಿ ಬೇಸಿಗೆಯಲ್ಲಿ ತಾನೇ ತಣ್ಣಗಿರುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುತ್ತದೆ. ಹೆಸರು ಮಾತ್ರ ಪೌಡರ್‌ಗೆ. ಜೂನ್ ಬಂತು, ಮಳೆ ಬಂತು, ಶಾಲೆ ಶುರುವಾಯ್ತು, ಪಕ್ಕದ ಬೆಂಚಿನಿಂದ ನೆಗಡಿ ಬಂತು. ತಡೆಯೋಕೆ ಒಳಗೆ ಏನೂ ಇರಲಿಲ್ಲ.

ವಿಜ್ಞಾನ ಈ ಪೂರಕಗಳನ್ನು ಪರೀಕ್ಷೆಯನ್ನೇ ಮಾಡಿಲ್ಲ ಅಂತಲ್ಲ. ವಿಟಮಿನ್ ಡಿ ಮೇಲೆ ದೊಡ್ಡ ಆಸೆ ಇತ್ತು. ಅಮೆರಿಕದಲ್ಲಿ ಅಸ್ತಮಾ ಜೊತೆಗೆ ವಿಟಮಿನ್ ಡಿ ಕಡಿಮೆ ಇದ್ದ 192 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 4,000 ಯೂನಿಟ್, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಎಲ್ಲರಿಗೂ ಪಂಪ್ ಇತ್ತು ಅನ್ನೋದನ್ನು ಮರೀಬೇಡಿ. 2020ರಲ್ಲಿ ಫಲಿತಾಂಶ ಬಂತು: ತೀವ್ರ ಉಬ್ಬಸ ತಡೆಯುವುದರಲ್ಲಿ ವ್ಯತ್ಯಾಸವಿಲ್ಲ. ತೂಕ ಹೆಚ್ಚಿದ್ದ ಹದಿಹರೆಯದವರು ಮತ್ತು ಯುವಕರಿಗೆ ಮೀನೆಣ್ಣೆಯ ಒಮೇಗಾ-3 ಕೊಟ್ಟು ನೋಡಿದ ಪರೀಕ್ಷೆಯಲ್ಲೂ ಅಸ್ತಮಾ ಹತೋಟಿ ಸುಧಾರಿಸಲಿಲ್ಲ.

"ಲಾಭ ಇಲ್ಲದಿದ್ದರೂ ನಷ್ಟ ಏನು ಸಾರ್?" ಅಂತೀರಾ? ವಿಟಮಿನ್ ಡಿ ಮಿತಿಮೀರಿದರೆ ದೇಹದಲ್ಲೇ ಉಳಿದು, ರಕ್ತದ ಕ್ಯಾಲ್ಸಿಯಂ ಏರಿ, ಮೂತ್ರಪಿಂಡಕ್ಕೆ ಪೆಟ್ಟು. ನಮ್ಮಲ್ಲಿ 60,000 ಯೂನಿಟ್‌ನ ಸ್ಯಾಚೆಟ್ ಸಿಗುತ್ತದೆ. ವೈದ್ಯರು ಹೇಳಿದ ಲೆಕ್ಕ ಬಿಟ್ಟು ದಿನಾ ಕುಡಿಸಿದರೆ ಗತಿ ಏನು? ಜೇನುಹುಳುಗಳ ರಾಯಲ್ ಜೆಲ್ಲಿಯನ್ನೂ ಆರೋಗ್ಯದ ಹೆಸರಲ್ಲಿ ಮಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದರ ಮೇಲೆ, ಅಸ್ತಮಾ ಮತ್ತು ಅಲರ್ಜಿ ಇರುವವರಿಗೆ ಪ್ರಾಣಾಪಾಯ ಆಗಬಹುದು ಅನ್ನೋ ಎಚ್ಚರಿಕೆ ಮುದ್ರಿಸಲೇಬೇಕು.

ಈಗ ನಿಮ್ಮ ಮನೆಯ ಡಬ್ಬ ತಿರುಗಿಸಿ ನೋಡಿ. ಪೂರಕ ಆಹಾರ ಅಂತ ಮಾರುವ ಡಬ್ಬದ ಮೇಲೆ 'ಔಷಧವಾಗಿ ಬಳಸುವಂತಿಲ್ಲ' ಎಂಬ ಅರ್ಥದ ಸಾಲು ಇರಲೇಬೇಕು. 2016ರ ಆಹಾರ ಸುರಕ್ಷತಾ ನಿಯಮ ಅದು. ಔಷಧ ನಿಯಮಗಳ ಶೆಡ್ಯೂಲ್ ಜೆ ಪಟ್ಟಿಯಲ್ಲಿ ಅಸ್ತಮಾ ಇದೆ. ಅಂದರೆ ಅದನ್ನು ವಾಸಿ ಮಾಡ್ತೀವಿ ಅಂತ ಔಷಧವೇ ಹೇಳಿಕೊಳ್ಳುವಂತಿಲ್ಲ. ಔಷಧಕ್ಕೇ ಇಲ್ಲದ ಬಾಯಿ ಪೌಡರ್‌ಗೆ ಎಲ್ಲಿಂದ ಬಂತು ಸ್ವಾಮಿ?

ಪಂಪ್ ಬಗ್ಗೆ ಭಯ ಇದೆ, ಗೊತ್ತು. ಸ್ಟೀರಾಯ್ಡ್ ಅಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದರಲ್ಲಿರೋದು ಮೈಕ್ರೋಗ್ರಾಂ ಲೆಕ್ಕ, ಮಿಲಿಗ್ರಾಂನ ಸಾವಿರದ ಒಂದು ಭಾಗ. ಬಾಲ್ಯದಲ್ಲಿ ವರ್ಷಗಟ್ಟಲೆ ಸ್ಟೀರಾಯ್ಡ್ ಪಂಪ್ ತೆಗೆದುಕೊಂಡವರು ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಗಿಡ್ಡ ಇದ್ದರು ಅಂತ ಒಂದು ದೀರ್ಘ ಅಧ್ಯಯನ ಹೇಳಿದೆ. ಮುಚ್ಚಿಡುವುದಿಲ್ಲ. ತಕ್ಕಡಿಯ ಒಂದು ಕಡೆ ಆ ಒಂದು ಸೆಂಟಿಮೀಟರ್, ಇನ್ನೊಂದು ಕಡೆ ಉಸಿರು. ನೀವೇ ತೂಗಿ.

ಇನ್ನೊಂದು ವಿಪರ್ಯಾಸ ಕೇಳಿ. ಉಬ್ಬಸ ಅಂತ ಮೊದಲು ಬಾಳೆಹಣ್ಣು ಬಂದ್, ಮೊಸರು ಬಂದ್. ಆಮೇಲೆ ಮಗು ಸೊರಗಿತು ಅಂತ ಸಾವಿರಾರು ರೂಪಾಯಿಯ ಡಬ್ಬ! ಅಲರ್ಜಿ ಖಚಿತವಾಗದೆ ಊಟ ಕಿತ್ತುಕೊಳ್ಳಬೇಡಿ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ವೈದ್ಯರು ವಿಟಮಿನ್ ಬರೆದರೆ ಕೊಡಿ, ಖಂಡಿತ ಕೊಡಿ. ಆದರೆ ಪಂಪ್ ಜೊತೆಗೆ, ಪಂಪ್ ಬದಲಿಗಲ್ಲ. ಮನೆಯೊಳಗೆ ಬೀಡಿ-ಸಿಗರೇಟು, ಸೊಳ್ಳೆಬತ್ತಿ ಹೊಗೆ ನಿಲ್ಲಿಸಿ. ಪಕ್ಕೆಲುಬು ಒಳಗೆ ಸೆಳೆಯುತ್ತಿದ್ದರೆ, ಮಗುವಿಗೆ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ತಕ್ಷಣ ಉಪಶಮನದ ಪಂಪ್ ಕೊಡುತ್ತಾ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಅಂತ ಕಾಯಬೇಡಿ.

ಆ ತಾಯಿಗೆ ವೈದ್ಯರು ಹೇಳಿದ್ದು ಒಂದೇ ಮಾತು: "ನಿಮ್ಮ ತಪ್ಪಿಲ್ಲಮ್ಮ. ಪಂಪ್ ನಿಲ್ಲಿಸಬೇಡಿ." ಅವರದು ತಪ್ಪಲ್ಲ, ನಿಜ. ಹಾಗಾದರೆ ತಪ್ಪು ಯಾರದು? ಆ ಪ್ರಶ್ನೆ ಕ್ಯಾಮೆರಾದ ಈ ಕಡೆ ಕೂತ ನನಗೂ ಇದೆ.