ಹಳೆಯ ಲೆನ್ಸಿನ ಜಾತಕ

ಅಪ್ಪನ ಕಾಲದ ಬೀರು ಖಾಲಿ ಮಾಡುವಾಗ ಚರ್ಮದ ಡಬ್ಬಿಯೊಳಗೆ ಒಂದು ಟೆಲಿಫೋಟೊ ಲೆನ್ಸ್ ಸಿಕ್ಕಿತು ಎನ್ನಿ. ಅದರ ಫಿಲಂ ಕ್ಯಾಮೆರಾ ಎಂದೋ ಕೆಟ್ಟಿದೆ. ಹಾಗೆಂದು ಲೆನ್ಸನ್ನು ಗುಜರಿಯವನಿಗೆ ಕೊಟ್ಟುಬಿಡಬೇಡಿ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲೂ ಅದು ಹಕ್ಕಿಗಳನ್ನು ಹತ್ತಿರಕ್ಕೆ ತಂದೀತು. ಆದರೆ ಮೊದಲು ಅದರ ಜಾತಕ ನೋಡಬೇಕು.

ಜಾತಕ ಬರೆದಿರುವುದು ಸಾಮಾನ್ಯವಾಗಿ ಮುಂದಿನ ಗಾಜಿನ ಸುತ್ತ. ‘3.5/135’ ಎಂದಿದ್ದರೆ 135 ಮಿ.ಮೀ. ಫೋಕಲ್ ಲೆಂತ್, 3.5 ಎಂಬುದು ಅಪರ್ಚರನ್ನು ಪೂರ್ತಿ ತೆರೆದಾಗಿನ ಅಳತೆ. ‘ಕಾರ್ಲ್ ಜೈಸ್ ಯೇನಾ’ ಎಂದಿದ್ದರೆ ಅದು ಪೂರ್ವ ಜರ್ಮನಿಯ ಕೂಸು. ‘ಟಾಕುಮಾರ್’ ಪೆಂಟಾಕ್ಸ್ ಕ್ಯಾಮೆರಾ ಮಾಡಿದ ಜಪಾನಿನ ಅಸಾಹಿ ಕಂಪನಿಯದು. ‘ಜುಪಿಟರ್’, ‘ಟಾಯಿರ್’ ಸೋವಿಯತ್ ಮೂಲದವು. ಇವುಗಳ ಕ್ರಮಸಂಖ್ಯೆಯ ಮೊದಲೆರಡು ಅಂಕಿ ಬಹುಪಾಲು ತಯಾರಾದ ವರ್ಷವನ್ನೇ ಹೇಳುತ್ತವೆ. 78 ಎಂದಿದ್ದರೆ 1978.

ಇನ್ನು ಲೆನ್ಸಿನ ಹಿಂಭಾಗ. ಜೇಬು ಉಳಿಯುವುದೂ ಹರಿಯುವುದೂ ಇಲ್ಲೇ. ತಿರುಗಿಸಿ ಕೂರಿಸುವ ಥ್ರೆಡ್ ಇದ್ದು ಅಡ್ಡಳತೆ 42 ಮಿ.ಮೀ. ಇದ್ದರೆ ಅದು ಬಹುಶಃ ಎಂ42. ಟಿ-ಮೌಂಟ್ ಕೂಡ 42 ಮಿ.ಮೀ. ಅಗಲದ್ದೇ, ಆದರೆ ಅದರ ಥ್ರೆಡ್ ಇನ್ನೂ ಸಣ್ಣದು. ಬಿಗಿಯಾದರೆ ಬಲವಂತ ಮಾಡಬೇಡಿ. ಥ್ರೆಡ್ ಇಲ್ಲದೆ ಸ್ವಲ್ಪವೇ ತಿರುಗಿಸಿ ಕೂರಿಸುವಂಥದ್ದಾದರೆ ನಿಕಾನ್ ಎಫ್ (1959), ಕ್ಯಾನನ್ ಎಫ್‌ಡಿ (1971), ಪೆಂಟಾಕ್ಸ್ ಕೆ (1975) ಮುಂತಾದವುಗಳಲ್ಲಿ ಒಂದಿರಬೇಕು.

ಎಂ42 ಲೆನ್ಸ್ ಫಿಲಂ ಅಥವಾ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಈ ದೂರ 46.5 ಮಿ.ಮೀ. ಅಷ್ಟೇ ವ್ಯತ್ಯಾಸ! ಅದರ ಫಲ ನೋಡಿ: ಗಾಜಿಲ್ಲದ ಅಡಾಪ್ಟರ್ ಹಾಕಿದರೆ ಹತ್ತಿರದ ಹೂವು ಸ್ಪಷ್ಟ, ಕೆರೆಯಾಚೆಯ ಬೆಳ್ಳಕ್ಕಿ ಮಂಜು. ಕ್ಯಾನನ್ ಇಒಎಸ್ ಡಿಎಸ್‌ಎಲ್‌ಆರ್‌ನಲ್ಲಿ ಈ ದೂರ 44 ಮಿ.ಮೀ., ಹಾಗಾಗಿ ಎಂ42 ಹೊಂದುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ತಲೆನೋವಿಲ್ಲ. ಸೋನಿ ಇ ಮೌಂಟಿನಲ್ಲಿ ದೂರ ಬರೀ 18 ಮಿ.ಮೀ. ಉಳಿದ ಜಾಗವನ್ನು ಅಡಾಪ್ಟರ್ ತುಂಬುತ್ತದೆ.

ಕೊಳ್ಳುವುದಾದರೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಂದಿಷ್ಟು ದೂಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು; ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಲ್ಲದೆ ಡಬ್ಬಿ ಮುಚ್ಚಿಡಬಾರದು. ಅಪರ್ಚರಿನ ರೆಕ್ಕೆಗಳಿಗೆ ಎಣ್ಣೆ ಅಂಟಿದ್ದರೂ ಎಚ್ಚರ, ಅವು ಸರಿಯಾಗಿ ಮುಚ್ಚದೇ ಹೋಗಬಹುದು.

ಬಳಸುವಾಗ, ಮಿರರ್‌ಲೆಸ್ ಆದರೆ ‘ಲೆನ್ಸ್ ಇಲ್ಲದೆ ಕ್ಲಿಕ್’ ಎಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಚಾಲೂ ಮಾಡಿ. ಅಪರ್ಚರ್ ಪೂರ್ತಿ ತೆರೆದು, ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಮಾಡಿ, ಆಮೇಲೆ 5.6 ಅಥವಾ 8ಕ್ಕೆ ಇಳಿಸಿ. 200 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಸೆಕೆಂಡಿನ 1/200ಕ್ಕಿಂತ ಕಡಿಮೆ ಬೇಡ.

ಹಾರುವ ಹಕ್ಕಿಯನ್ನು ಕೈಯಿಂದ ಫೋಕಸ್ ಮಾಡುತ್ತ ಹಿಂಬಾಲಿಸುವುದು ಕಷ್ಟ. ಬದಲಿಗೆ, ಮಿಂಚುಳ್ಳಿ ಮತ್ತೆ ಮತ್ತೆ ಬಂದು ಕೂರುವ ಕೋಲನ್ನು ಗುರುತಿಸಿ, ಅದಕ್ಕೇ ಫೋಕಸ್ ಮಾಡಿಟ್ಟು ಕಾಯಿರಿ. ಹಕ್ಕಿ ತಾನಾಗಿಯೇ ಫೋಕಸ್ಸಿನೊಳಕ್ಕೆ ಬಂದು ಕೂರುತ್ತದೆ.