ಶಾಲೆಯ ತೆರಿಗೆಯಿಂದ ಮತಪೆಟ್ಟಿಗೆಯವರೆಗೆ

1976ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದ ಜಿಮ್ಮಿ ಕಾರ್ಟರ್ ಜಾರ್ಜಿಯದ ಬ್ಯಾಪ್ಟಿಸ್ಟ್ ಭಕ್ತರು. ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದವರು. ಬೈಬಲೇ ಅಂತಿಮ ಪ್ರಮಾಣ, ಕ್ರಿಸ್ತನಲ್ಲಿ ಮರುಹುಟ್ಟು ಪಡೆಯಬೇಕು ಎನ್ನುವ ಇವಾಂಜೆಲಿಕಲ್ ಪಂಥದವರಿಗೆ ಅವರು ಸ್ವಂತ ಮನೆಯವರೇ. ಆದರೂ 1980ರಲ್ಲಿ ಆ ಪಂಥದ ಬಿಳಿಯ ಮತದಾರರಲ್ಲಿ ಹೆಚ್ಚಿನವರು ರೊನಾಲ್ಡ್ ರೇಗನ್ ಕಡೆಗೆ ವಾಲಿದರು. ರೇಗನ್ ಹಾಲಿವುಡ್ ನಟರು, ವಿಚ್ಛೇದನದ ಬಳಿಕ ಮರುಮದುವೆಯಾದವರು. 1967ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಆಗಿ ಗರ್ಭಪಾತದ ನಿರ್ಬಂಧ ಸಡಿಲಿಸಿದ ಮಸೂದೆಗೆ ಸಹಿ ಹಾಕಿದವರು. ಭಕ್ತನನ್ನು ಬಿಟ್ಟು ನಟನನ್ನು ಆರಿಸಿದ್ದೇಕೆ?

ಬೆಲೆಯೇರಿಕೆ, ಇರಾನಿನ ಒತ್ತೆಯಾಳುಗಳ ಪ್ರಕರಣ ಎಲ್ಲ ಮತದಾರರನ್ನೂ ಕಾಡಿದ್ದವು. ಈ ಸಮುದಾಯವನ್ನು ವಿಶೇಷವಾಗಿ ಕಾಡಿದ ಇನ್ನೊಂದು ವಿಷಯ ಶಾಲೆ.

ಬಣ್ಣದ ಆಧಾರದಲ್ಲಿ ಮಕ್ಕಳನ್ನು ಬೇರೆಬೇರೆ ಸರಕಾರಿ ಶಾಲೆಗಳಲ್ಲಿ ಇರಿಸುವುದು ಸಂವಿಧಾನಬಾಹಿರವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದಕ್ಷಿಣದ ರಾಜ್ಯಗಳ ಅನೇಕ ಬಿಳಿಯ ಪಾಲಕರು ಮಕ್ಕಳನ್ನು ಅಲ್ಲಿಂದ ಬಿಡಿಸಿ ಖಾಸಗಿ ಶಾಲೆಗಳಿಗೆ ಸೇರಿಸಿದರು. ಅವುಗಳಲ್ಲಿ ಹಲವು ಚರ್ಚುಗಳ ಆಶ್ರಯದಲ್ಲಿದ್ದವು. ದತ್ತಿ ಸಂಸ್ಥೆಗಳೆಂಬ ನೆಲೆಯಲ್ಲಿ ಅವುಗಳಿಗೆ ತೆರಿಗೆ ವಿನಾಯಿತಿಯಿತ್ತು, ದಾನಿಗಳಿಗೂ ರಿಯಾಯಿತಿಯಿತ್ತು. ತಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿದ ಶಾಲೆಗಳಿಗೆ ಸರಕಾರದ ಈ ಪರೋಕ್ಷ ನೆರವು ಸಲ್ಲದೆಂದು ಮಿಸಿಸಿಪ್ಪಿಯ ಕಪ್ಪುವರ್ಣೀಯ ಪಾಲಕರು ದಾವೆ ಹೂಡಿ 1971ರಲ್ಲಿ ಗೆದ್ದರು. 1976ರಲ್ಲಿ ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ವಿನಾಯಿತಿ ರದ್ದಾಯಿತು. 1978ರಲ್ಲಿ, ಕಾರ್ಟರ್ ಆಡಳಿತದಲ್ಲಿ, ತೆರಿಗೆ ಇಲಾಖೆ ಇನ್ನಷ್ಟು ಬಿಗಿ ನಿಯಮಗಳನ್ನು ಸೂಚಿಸಿದಾಗ ಪ್ರತಿಭಟನೆಯ ಪತ್ರಗಳ ಮಳೆಯೇ ಸುರಿಯಿತು. ಮರುವರ್ಷ ವರ್ಜೀನಿಯದ ಪಾದ್ರಿ ಜೆರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಸಂಘಟನೆ ಕಟ್ಟಿದರು. ಅವರೂ ಒಂದು ಶಾಲೆಯ ಸ್ಥಾಪಕರೇ.

ಶಾಲೆಯೇ ಮೂಲ ಕಾರಣವೆಂಬುದನ್ನು ಎಲ್ಲ ಚರಿತ್ರಕಾರರೂ ಒಪ್ಪುವುದಿಲ್ಲ. ಗರ್ಭಪಾತದ ವಿರೋಧವೇ ಮೊದಲೆನ್ನುವವರೂ ಇದ್ದಾರೆ. ಆದರೆ ಅತ್ಯಾಚಾರ, ತಾಯಿಯ ಆರೋಗ್ಯದಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶವಿರಲೆಂದು 1971ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶವೇ ನಿರ್ಣಯಿಸಿತ್ತೆಂಬುದನ್ನು ಮರೆಯಲಾಗದು. ಇದೇ ಬೈಬಲನ್ನು ಇದೇ ಶ್ರದ್ಧೆಯಿಂದ ಓದುವ ಕಪ್ಪುವರ್ಣೀಯ ಕ್ರೈಸ್ತರಲ್ಲಿ ಬಹುಪಾಲು ಜನ ಎದುರು ಪಕ್ಷಕ್ಕೆ ಮತ ಹಾಕುತ್ತ ಬಂದಿದ್ದಾರೆಂಬುದನ್ನೂ. 'ಬಿಳಿಯ' ಎಂಬ ವಿಶೇಷಣ ಸುಮ್ಮನೆ ಸೇರಿಕೊಂಡದ್ದಲ್ಲ.

ರೇಗನ್ ಆಡಳಿತ 1982ರಲ್ಲಿ ಬಾಬ್ ಜೋನ್ಸ್ ಪರ ನಿಲ್ಲಲು ಹೋಗಿ ಟೀಕೆಗೆ ಗುರಿಯಾಯಿತು. ಮರುವರ್ಷ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ವಿಶ್ವವಿದ್ಯಾಲಯದ ವಿರುದ್ಧ ತೀರ್ಪಿತ್ತರು, ಭಿನ್ನಮತ ಒಂದೇ. ಅಧ್ಯಕ್ಷನಿದ್ದರೆ ಸಾಲದು, ನ್ಯಾಯಪೀಠವೂ ಬೇಕು ಎಂಬ ಲೆಕ್ಕಾಚಾರ ಮುಂದೆ ಬಲಗೊಂಡಿತು.

2016ರಲ್ಲಿ, ಮೂರು ಬಾರಿ ಮದುವೆಯಾದ ಡೊನಾಲ್ಡ್ ಟ್ರಂಪ್ ತಾವು ಪರಿಗಣಿಸುವ ನ್ಯಾಯಮೂರ್ತಿಗಳ ಪಟ್ಟಿಯನ್ನು ಚುನಾವಣೆಗೆ ಮೊದಲೇ ಪ್ರಕಟಿಸಿದರು. ಮತಗಟ್ಟೆ ಸಮೀಕ್ಷೆಯ ಪ್ರಕಾರ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಸುಮಾರು ಶೇ. 80 ಮಂದಿ ಅವರ ಕೈಹಿಡಿದರು. ಅವರ ವೈಯಕ್ತಿಕ ಶೀಲ ಇಲ್ಲಿ ಪರೀಕ್ಷೆಯ ವಿಷಯವೇ ಆಗಲಿಲ್ಲ.

2022ರ ಜೂನ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿತು. ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದಕ್ಕೆ ಮೂರು ದಿನ ಮೊದಲು ಬಂದ ಇನ್ನೊಂದು ತೀರ್ಪು ಅಷ್ಟು ಸದ್ದು ಮಾಡಲಿಲ್ಲ. ಖಾಸಗಿ ಶಾಲೆಗಳ ಶುಲ್ಕಕ್ಕೆ ನೆರವು ನೀಡುವ ಮೇನ್ ರಾಜ್ಯ, ಧಾರ್ಮಿಕ ಶಾಲೆಗಳೆಂಬ ಕಾರಣಕ್ಕೆ ಕೆಲವನ್ನು ಹೊರಗಿಡುವಂತಿಲ್ಲ ಎಂದು ಆರು ನ್ಯಾಯಮೂರ್ತಿಗಳು ಹೇಳಿದರು. ಆ ಆರರಲ್ಲಿ ಮೂವರು ಟ್ರಂಪ್ ನೇಮಿಸಿದವರು.