ಕೈ ಕಟ್ಟಿದ ಡೀಲರ್

ಕಾಗವಾಡ, ಅಥಣಿ ಸೀಮೆಯ ಐನಾಪುರದಂಥ ಊರಲ್ಲಿ ಇಸ್ಪೀಟಿನ ಎಲೆ ಹೊರಬಂತೆಂದರೆ ನಡೆಯುವುದು ಬಹುಮಟ್ಟಿಗೆ ಅಂದರ್-ಬಾಹರ್, ಇಲ್ಲವೇ ಮೂರೆಲೆ. ಅಂದರ್-ಬಾಹರ್‌ನಲ್ಲಿ ಹಣ ಇಟ್ಟ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ. ಎಲೆ ಹಾಕುವವನು ಒಳಗೊಂದು ಹೊರಗೊಂದು ಹಾಕುತ್ತ ಹೋಗುತ್ತಾನೆ, ನಡುವೆ ತೆರೆದಿಟ್ಟ ಎಲೆಯ ಜೋಡಿ ಬಿದ್ದ ಕಡೆಗೆ ಗೆಲುವು. ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ ಸುಮಾರು 51.5ರಷ್ಟು ಅವಕಾಶ, ಅಲ್ಲಿಗೆ ಗಣಿತ ಮುಗಿಯಿತು. ಮೂರೆಲೆ ಇದರ ಉಲ್ಟಾ. ಅಲ್ಲಿ ಎಲ್ಲರಿಗೂ ಸ್ವಾತಂತ್ರ್ಯ: ಬ್ಲೈಂಡ್ ಆಡಬಹುದು, ಕೆಟ್ಟ ಎಲೆ ಹಿಡಿದು ಮೀಸೆ ತಿರುವಬಹುದು. ಎದುರಿನವನ ಮನಸ್ಸನ್ನು ಕಾಗದದ ಮೇಲೆ ಗುಣಿಸುವುದು ಹೇಗೆ?

ಕ್ಯಾಸಿನೊದ ಬ್ಲ್ಯಾಕ್‌ಜಾಕ್ ಇವೆರಡರ ನಡುವಿನದು. ಎಲೆಗಳ ಮೊತ್ತ 21 ದಾಟದಂತೆ ಅದರ ಹತ್ತಿರ ಹೋಗಬೇಕು, ದಾಟಿದವನು ಸೋತ. ಅಲ್ಲಿ ಆಟಗಾರನಿಗೆ ಆಯ್ಕೆ ಇದೆ, ಡೀಲರನಿಗೆ ಇಲ್ಲ. ಇದರಿಂದ ಏನಾಗುತ್ತದೆ ಎಂಬುದನ್ನು ಮೊದಲು ಪೂರ್ತಿಯಾಗಿ ಲೆಕ್ಕ ಹಾಕಿ ಅಚ್ಚು ಹಾಕಿಸಿದವರು ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು ತರುಣರು.

1950ರ ದಶಕದ ಆರಂಭ. ಮೇರಿಲ್ಯಾಂಡ್‌ನ ಅಬರ್ಡೀನ್ ಎಂಬ ಶಸ್ತ್ರಾಸ್ತ್ರ ಪರೀಕ್ಷಾ ನೆಲೆಯ ಬ್ಯಾರಕ್‌ನಲ್ಲಿ ರಾತ್ರಿ ಹೊತ್ತು ಇಸ್ಪೀಟು ನಡೆಯುತ್ತಿತ್ತು. ಎಲೆ ಹಂಚುವ ಸರದಿ ಬಂದವನು ಹೇಳಿದ ಆಟ. ಒಬ್ಬ ಬ್ಲ್ಯಾಕ್‌ಜಾಕ್ ಎಂದ. ಜೊತೆಗೆ, ಲಾಸ್ ವೇಗಸ್‌ನಲ್ಲಿ ಡೀಲರ್ 16ರವರೆಗೆ ಎಲೆ ಎಳೆಯಲೇಬೇಕು, 17ಕ್ಕೆ ನಿಲ್ಲಲೇಬೇಕು ಎಂಬ ಕಟ್ಟಳೆಯನ್ನೂ ನೆನಪಿಸಿದ. ಮನೆಯಾಟದಲ್ಲಿ ಹಂಚುವವನು ತನಗೆ ತೋಚಿದಂತೆ ಎಳೆಯುತ್ತಾನೆ, ಬಿಡುತ್ತಾನೆ. ಕ್ಯಾಸಿನೊದಲ್ಲಿ ಅವನು ಸಂಬಳದ ನೌಕರ; ಅವನ ಬುದ್ಧಿಗೆ ಕೆಲಸ ಕೊಟ್ಟರೆ ತಪ್ಪೂ ಆಗಬಹುದು, ಗೆಳೆಯನಿಗೆ ಸಹಾಯವೂ ಆಗಬಹುದು. ಕಟ್ಟಳೆ ಇದ್ದರೆ ಅವೆರಡಕ್ಕೂ ಜಾಗವಿಲ್ಲ. ಇದನ್ನು ಕೇಳಿದವರಲ್ಲಿ ರೋಜರ್ ಬಾಲ್ಡ್‌ವಿನ್ ಎಂಬ, ಗಣಿತದಲ್ಲಿ ಎಂ.ಎ. ಮಾಡಿದ ಸಿಪಾಯಿ ಇದ್ದ. ಡೀಲರ್ ಯಂತ್ರದ ಹಾಗೆ ಆಡುತ್ತಾನೆಂದರೆ ಅವನ ಪ್ರತಿ ಫಲಿತಾಂಶಕ್ಕೂ ಸಂಭವನೀಯತೆ ಕಂಡುಹಿಡಿಯಬಹುದಲ್ಲ ಎಂದು ಅವನಿಗೆ ಹೊಳೆಯಿತು.

ಬಾಲ್ಡ್‌ವಿನ್ ಸಾರ್ಜೆಂಟ್ ವಿಲ್ಬರ್ಟ್ ಕ್ಯಾಂಟಿಯ ಬಳಿ ಹೋಗಿ ನೆಲೆಯ ಲೆಕ್ಕದ ಯಂತ್ರಗಳನ್ನು ಬಳಸಬಹುದೇ ಎಂದು ಕೇಳಿದ. ಕ್ಯಾಂಟಿ ಒಪ್ಪಿದ್ದಷ್ಟೇ ಅಲ್ಲ, ತಾನೂ ಸೇರಿದ. ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್ ಬಂದು ನಾಲ್ವರಾದರು. ಕಂಪ್ಯೂಟರ್ ಅಲ್ಲ, ಮೇಜಿನ ಮೇಲಿಡುವ ಕೂಡಿಸಿ ಗುಣಿಸುವ ಯಂತ್ರ. ಡ್ಯೂಟಿ ಮುಗಿದ ಮೇಲೆ ಕೂತು ಸುಮಾರು ಒಂದೂವರೆ ವರ್ಷ ಪುಟಗಟ್ಟಲೆ ಬರೆದರು. 1956ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆ ಅವರ ಲೇಖನ ಪ್ರಕಟಿಸಿತು.

ಅವರು ಕಂಡದ್ದು ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಡೀಲರ್ ಆಡಿದ ಹಾಗೇ ನಾನೂ ಆಡುತ್ತೇನೆ, ಸೋಲು-ಗೆಲುವು ಸಮಸಮ ಆಗಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದಿಲ್ಲ. 16ಕ್ಕೆ ಎಳೆದು 17ಕ್ಕೆ ನಿಲ್ಲುವವನು ನೂರರಲ್ಲಿ ಸುಮಾರು 28 ಸಲ 21 ದಾಟುತ್ತಾನೆ. ಆದರೆ ಆಟಗಾರ ಮೊದಲು ಎಳೆಯಬೇಕು. ದಾಟಿದ ತಕ್ಷಣ ಅವನ ಚಿಪ್ಸ್ ಡೀಲರ್ ಕಡೆ ಹೋಗುತ್ತವೆ. ಆಮೇಲೆ ಡೀಲರನೂ ದಾಟಿದರೆ ಅವು ವಾಪಸ್ ಬರುವುದಿಲ್ಲ. ಇಬ್ಬರೂ ದಾಟುವ ಸಂದರ್ಭ ನೂರಕ್ಕೆ ಎಂಟರಷ್ಟು, ಮತ್ತು ಕ್ಯಾಸಿನೊದ ಬಂಡವಾಳವೆಲ್ಲ ಆ ಎಂಟರಲ್ಲೇ ಇದೆ. ಎಕ್ಕದ ಜೊತೆ ಹತ್ತು ಅಥವಾ ಮುಖದ ಎಲೆ ಬಂದರೆ, ಅಂದರೆ ಎರಡೇ ಎಲೆಯಲ್ಲಿ 21 ಆದರೆ, ಎರಡಕ್ಕೆ ಮೂರು ಕೊಡುತ್ತಾರೆ: ನೂರಿಟ್ಟರೆ ನೂರೈವತ್ತು. ಆ ಹೆಚ್ಚಿನ ಐವತ್ತರಿಂದ ಆಟಗಾರನಿಗೆ ನೂರಕ್ಕೆ ಎರಡೂ ಕಾಲಿನಷ್ಟು ಮರಳುತ್ತದೆ. ಹಾಗಾಗಿ ಡೀಲರನನ್ನು ಅನುಕರಿಸುವವನು ನೂರಕ್ಕೆ ಐದೂವರೆಯ ಆಸುಪಾಸು ಕಳೆಯುತ್ತಾನೆ.

ಇನ್ನು ಆಟಗಾರನ ಸ್ವಾತಂತ್ರ್ಯ. ಡೀಲರನ ತೆರೆದ ಎಲೆ ಐದೋ ಆರೋ ಆಗಿದ್ದರೆ ಅವನೇ ದಾಟುವ ಸಂಭವ ಹೆಚ್ಚು. ಆಗ 13 ಬಂದರೂ ಸುಮ್ಮನಿರಬೇಕು. ಅವನದು ಹತ್ತಾಗಿದ್ದರೆ 16 ಇದ್ದರೂ ಎದೆ ಗಟ್ಟಿ ಮಾಡಿ ಎಳೆಯಬೇಕು. ಎರಡು ಎಂಟು ಬಂದರೆ ಬೇರೆ ಮಾಡಿ ಎರಡು ಕೈ ಆಡಬೇಕು. ಹೀಗೆ ತನ್ನ ಕೈ, ಡೀಲರನ ತೆರೆದ ಎಲೆ ಎರಡನ್ನೂ ನೋಡಿ ಪ್ರತಿ ಸಂದರ್ಭಕ್ಕೂ ಉತ್ತರ ಕಂಡುಕೊಂಡು ಆಡಿದರೆ ನಷ್ಟ ನೂರಕ್ಕೆ 0.62ಕ್ಕೆ ಇಳಿಯುತ್ತದೆ ಎಂದು ನಾಲ್ವರೂ ತೋರಿಸಿದರು. ಆ ಕಾಲದ ಇಸ್ಪೀಟು ಪಂಡಿತರ ಪುಸ್ತಕಗಳ ಸಲಹೆ ಇದರ ಹತ್ತಿರವೂ ಬರುತ್ತಿರಲಿಲ್ಲ. ಲೆಕ್ಕದಲ್ಲಿ ಇದ್ದ ಸಣ್ಣಪುಟ್ಟ ದೋಷಗಳು ಕಂಪ್ಯೂಟರ್ ಬಂದ ಮೇಲಷ್ಟೇ ತಿಳಿದವು. ಕೈಲೆಕ್ಕಕ್ಕೆ ಇದು ಬೆರಗಿನ ಸಾಧನೆ ಎಂದೇ ನನಗನ್ನಿಸುತ್ತದೆ.

ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು 1958ರಲ್ಲಿ ಈ ಲೇಖನದ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಲಾಸ್ ವೇಗಸ್‌ಗೆ ಹೋದ. ಹತ್ತು ಡಾಲರ್ ಇಟ್ಟು ಎಂಟೂವರೆ ಕಳೆದ. ಬೇಸರವಾಗಲಿಲ್ಲ, ಬಾಲ್ಡ್‌ವಿನ್‌ಗೆ ಪತ್ರ ಬರೆದು ಲೆಕ್ಕದ ವಹಿಗಳನ್ನೇ ತರಿಸಿಕೊಂಡ. ಒಮ್ಮೆ ಬಿದ್ದ ಎಲೆ ಕಟ್ಟು ಕಲಸುವವರೆಗೆ ಮತ್ತೆ ಬರುವುದಿಲ್ಲ, ಹಾಗಾಗಿ ಉಳಿದ ಕಟ್ಟಿನ ಗುಣ ಬದಲಾಗುತ್ತ ಹೋಗುತ್ತದೆ ಎಂಬುದು ಅವನ ಸೂಕ್ಷ್ಮ. ಎಂ.ಐ.ಟಿ.ಯ ಐಬಿಎಂ 704 ಯಂತ್ರದಲ್ಲಿ ಪರೀಕ್ಷಿಸಿದಾಗ, ನಾಲ್ಕೂ ಐದುಗಳು ಮುಗಿದ ಕಟ್ಟಿನಲ್ಲಿ ಆಟಗಾರನದೇ ಮೇಲುಗೈ, ನೂರಕ್ಕೆ ಮೂರಕ್ಕೂ ಹೆಚ್ಚು. (ವನಪರ್ವದಲ್ಲಿ ಋತುಪರ್ಣ ತಾರೆ ಮರದ ಎಲೆ-ಕಾಯಿ ಎಣಿಸಿ ತೋರಿಸಿ ನಳನಿಗೆ ದಾಳದ ಗುಟ್ಟಾದ ಅಕ್ಷಹೃದಯ ಕಲಿಸುತ್ತಾನೆ. ಎಣಿಕೆಗೂ ಜೂಜಿಗೂ ನೆಂಟಸ್ತಿಕೆ ನಮಗೆ ಹೊಸದಲ್ಲ.) ಥಾರ್ಪ್‌ನ ಪ್ರಬಂಧ 1961ರಲ್ಲಿ, ಪುಸ್ತಕ 1962ರಲ್ಲಿ ಬಂದವು.

ಡೀಲರನ ಕೈ ಬಿಚ್ಚಲು ಕ್ಯಾಸಿನೊಗಳು ಆಗಲೂ ಮುಂದಾಗಲಿಲ್ಲ. ಬದಲು 1964ರಲ್ಲಿ ಲಾಸ್ ವೇಗಸ್‌ನವರು ಆಟಗಾರನ ಆಯ್ಕೆಗಳನ್ನು ಮೊಟಕು ಮಾಡಿದರು. ಜನ ಮೇಜು ಬಿಟ್ಟು ಎದ್ದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮವೇ ಮರಳಿತು. ಆಮೇಲೆ ಹಲವು ಕಟ್ಟುಗಳನ್ನು ಒಟ್ಟಿಗೆ ಕಲಸಿ ಪೆಟ್ಟಿಗೆಯಿಂದ ಹಂಚುವ ರೂಢಿ ಬೆಳೆಯಿತು.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. 1963ರ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆಗೆ ಶಿಕ್ಷೆ ವಿಧಿಸುತ್ತದೆ. ಐನಾಪುರದವರು ಈ ಮೇಜು ಕಾಣಬೇಕಾದರೆ ಬೆಳಗಾವಿ ದಾಟಿ, ಚೋರ್ಲಾ ಘಾಟ್ ಇಳಿದು, ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತ ಹಡಗು ಹತ್ತಬೇಕು. ಹತ್ತಿದವರು ಮೊದಲು ನೋಡಬೇಕಾದ್ದು ಮೇಜಿನ ಬಟ್ಟೆಯ ಮೇಲೆ ಬರೆದ ಪಾವತಿಯ ದರವನ್ನು. 2000ದ ದಶಕದಿಂದ ಅಮೆರಿಕದ ಅನೇಕ ಮೇಜುಗಳಲ್ಲಿ ಎರಡಕ್ಕೆ ಮೂರರ ಬದಲು ಐದಕ್ಕೆ ಆರು ಕೊಡುತ್ತಿದ್ದಾರೆ. ನೋಡಲು ಆರು ಮೂರಕ್ಕಿಂತ ದೊಡ್ಡದು. ಲೆಕ್ಕ ಮಾಡಿದರೆ ನೂರು ರೂಪಾಯಿಗೆ ನೂರೈವತ್ತರ ಬದಲು ನೂರಿಪ್ಪತ್ತು. ಇಂಥ ಕೈ ಸುಮಾರು ಇಪ್ಪತ್ತೊಂದು ಆಟಕ್ಕೊಮ್ಮೆ ಬರುತ್ತದೆ. ಪ್ರತಿ ಸಲ ಮೂವತ್ತು ಹೋದರೆ, ನೂರರಂತೆ ನೂರು ಆಟ ಆಡಿದವನು ಹೆಚ್ಚುವರಿಯಾಗಿ ನೂರ ನಲವತ್ತರಷ್ಟು ಕಳೆದುಕೊಳ್ಳುತ್ತಾನೆ. ಅಬರ್ಡೀನ್‌ನವರ ಲೆಕ್ಕದ ಪ್ರಕಾರ ಜಾಣನಾಗಿ ಆಡುವವನ ಒಟ್ಟು ನಷ್ಟವೇ ಅಷ್ಟು ಆಟಕ್ಕೆ ಅರವತ್ತೆರಡು ಇತ್ತು. 1964ರಲ್ಲಿ ಎದ್ದು ಹೋದ ಜನ ಈ ಸಲ ಏಳಲಿಲ್ಲ.